ಹೊಲಿಗೆ ಮಿಷನ್ ಮಲಗಿದ ವರ್ಷ

ನಮ್ಮೂರಿನ ದೊಡ್ಡ ಶ್ರೀಮಂತರೆಂದರೆ ನಂಜಪ್ಪನವರು. ಅವರ ಮನೆಯಲ್ಲಿ ನೂರ ಇಪ್ಪತ್ತೇಳು ಕುರ್ಚಿಗಳಿವೆ. ಅವರು ನೆಲದ ಮೇಲೆ ಕೂರುತ್ತಾರೆ. ಮೊದಲು ನೂರ ಇಪ್ಪತ್ತೆಂಟಿತ್ತು, ಒಂದು ಎಲ್ಲಿ ಹೋಯಿತೆಂದು ಆಮೇಲೆ ಹೇಳುತ್ತೇನೆ. ಎಂಟು ವರ್ಷದ ಹಿಂದೆ ಅವರಿಗಿದ್ದದ್ದು ಒಂದೇ ಕುರ್ಚಿ, ಕೈಯಿರುವಂಥದ್ದು, ಬೆತ್ತದ ಹೆಣಿಗೆಯದು. ಆಗ ಅವರು ಬಡವರಾಗಿದ್ದರು. ಸಂಜೆಯಾದರೆ ಜಗಲಿಯಲ್ಲಿ ಆ ಕುರ್ಚಿಗೆ ಒರಗಿ, ಕಾಲು ಚಾಚಿ, ಬೀಡಿ ಸೇದುತ್ತಿದ್ದರು. ಶ್ರೀಮಂತರಾದ ಮೇಲೆ ಅವರಿಗೆ ಬೆನ್ನುನೋವು ಶುರುವಾಯಿತು.

ನಮ್ಮೂರಿನಲ್ಲಿ ಯಾವುದಾದರೂ ಸಾಮಾನನ್ನು ಹೊಸತೊಡಕಿನ ದಿನ, ಅಂದರೆ ಯುಗಾದಿಯ ಮಾರನೆಯ ದಿನ, ಕೋಣೆಯೊಳಗಿಟ್ಟು ಬೀಗ ಹಾಕಿ ಮುಂದಿನ ಹೊಸತೊಡಕಿನವರೆಗೆ ಬಳಸದೆ ಇದ್ದರೆ ಅದು ಎರಡಾಗುತ್ತದೆ. ಇದಕ್ಕೆ ನಾವು ‘ಮಲಗಿಸುವುದು’ ಎನ್ನುತ್ತೇವೆ. ಹೊರಗಿನಿಂದ ಬಂದವರು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹಸು ಕರು ಹಾಕುತ್ತದೆ, ಲೋಟ ಲೋಟ ಹಾಕುತ್ತದೆ. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ ಬೇರೆ ಊರುಗಳಲ್ಲೂ ಇದೆಯಂತೆ. ಅಲ್ಲಿನವರು ಅದಕ್ಕೇ ಆ ದಿನ ಬಾಡೂಟ ಮಾಡಿ ಚೆನ್ನಾಗಿ ಉಣ್ಣುತ್ತಾರಂತೆ. ನಾವು ಬೀಗ ಹಾಕುತ್ತೇವೆ.

ದುಡ್ಡನ್ನು ಮಲಗಿಸಿದವರಿದ್ದರು. ನೋಟೇನೋ ಎರಡಾಯಿತು, ಆದರೆ ಎರಡರ ಮೇಲೂ ಒಂದೇ ನಂಬರು. ಬ್ಯಾಂಕಿನವರು ಎರಡನ್ನೂ ಕಿತ್ತುಕೊಂಡು, ತಂದವನನ್ನು ಹೊರಗೆ ಕಳಿಸಿದರು. ಚಿನ್ನವಂತೂ ಎರಡಾಗಲೇ ಇಲ್ಲ. ಅದಕ್ಕೆ ಹಾಲಪ್ಪ ಮೇಷ್ಟ್ರು ಕಾರಣ ಕೊಟ್ಟರು. ಚಿನ್ನವನ್ನು ಪೆಟ್ಟಿಗೆಯಲ್ಲಿ ಇಡುವುದೇ ಅದರ ಬಳಕೆ, ಆದ್ದರಿಂದ ಬೀಗ ಹಾಕಿದಷ್ಟೂ ಅದನ್ನು ಬಳಸಿದಂತೆಯೇ ಆಗುತ್ತದೆ. ಊರಿನವರು ತಲೆದೂಗಿ, ಓಲೆ ಬಳೆಗಳನ್ನು ಮಾರಿ, ಸ್ಟೀಲಿನ ಲೋಟ ಕೊಂಡರು. ನಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮ ನಾಲ್ಕು ಲೋಟದಿಂದ ಹಿಡಿದು ಆರು ವರ್ಷದಲ್ಲಿ ಇನ್ನೂರೈವತ್ತಾರಕ್ಕೆ ತಲುಪಿದರು. ಅವರ ಮನೆಯಲ್ಲಿ ಎಲ್ಲರೂ ಬೊಗಸೆಯಲ್ಲಿ ನೀರು ಕುಡಿಯುತ್ತಾರೆ. ಕಾಫಿ ಬಿಟ್ಟುಬಿಟ್ಟಿದ್ದಾರೆ, ಬೊಗಸೆ ಸುಡುತ್ತದೆಂದು.

ಒಬ್ಬೊಬ್ಬರದು ಒಂದೊಂದು ದಾರಿ. ಇಟ್ಟಿಗೆ ಗೂಡಿಗೆ ದಿನಾ ಮೂರು ಮೈಲಿ ನಡೆಯುವ ಬಸವರಾಜು ಕಂತಿನ ಮೇಲೆ ಮೋಟರ್ ಸೈಕಲ್ ಕೊಂಡು, ಅಂಗಡಿಯಿಂದ ತಳ್ಳಿಕೊಂಡೇ ಬಂದು, ಮಲಗಿಸಿದ. ಈಗ ಅವನ ಹತ್ತಿರ ಒಂದೇ ನಂಬರಿನ ಎಂಟು ಗಾಡಿಗಳಿವೆ. ಊರಾಚೆ ಒಂದನ್ನು ಮಾರಲು ಹೋಗಿ ನಾಲ್ಕು ದಿನ ಪೊಲೀಸು ಠಾಣೆಯಲ್ಲಿದ್ದು ಬಂದ. ಊರೊಳಗೆ ಕೊಳ್ಳುವವರಿಲ್ಲ. ‘ಕಾದ್ರೆ ನಮ್ಮದೇ ಎರಡಾಗುತ್ತೆ, ನಿಂದು ಯಾಕೆ?’ ಎನ್ನುತ್ತಾರೆ. ಈಗಲೂ ನಡೆದೇ ಹೋಗುತ್ತಾನೆ. ಭಜನೆ ಹಾಡುತ್ತಿದ್ದ ಶಿವಲಿಂಗು ಎರಡು ಕಂಠ ಬರಲೆಂದು ಒಂದು ವರ್ಷ ಬಾಯಿ ತೆರೆಯಲಿಲ್ಲ. ಹೊಸತೊಡಕಿನ ದಿನ ಬಾಯಿ ತೆರೆದರೆ ಇದ್ದ ಒಂದೂ ಹೊರಡಲಿಲ್ಲ. ಚೆಲುವಮ್ಮ ಗಂಡನಿಗೆ ಒಂದು ವರ್ಷ ಕೆಲಸ ಹೇಳದೆ ಇಟ್ಟಳು. ಗಂಡ ಇಬ್ಬರಾಗಲಿಲ್ಲ, ಆದರೆ ಅವನ ಸೊಂಟದ ಅಳತೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಅದು ನನಗೆ ಗೊತ್ತು, ಅವನ ಚಡ್ಡಿ ಹೊಲಿದವಳು ನಾನೇ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ಶಾಲೆಯಲ್ಲಿ ಜಾಗವಿರಲಿಲ್ಲ ಎನ್ನಬೇಕು. ಹಾಲಪ್ಪ ಮೇಷ್ಟ್ರು ಆಗ ಹೆಡ್‌ಮಾಸ್ಟರಾಗಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವರು ಶಾಲೆಯ ಇಪ್ಪತ್ತು ಬೆಂಚುಗಳನ್ನೂ ಒಂದು ಕೋಣೆಯಲ್ಲಿ ಮಲಗಿಸಿದರು. ನಾವು ನೆಲದ ಮೇಲೆ ಕೂತೆವು. ಮರುವರ್ಷ ಬೆಂಚು ನಲವತ್ತಾಗಿ ಎರಡು ಕೋಣೆ ಹಿಡಿದವು, ಅದರ ಮರುವರ್ಷ ನಾಲ್ಕು. ಆರನೇ ಕ್ಲಾಸನ್ನು ವರಾಂಡದಲ್ಲಿ ಕಲಿತೆ. ಏಳಕ್ಕೆ ಬರುವಾಗ ವರಾಂಡದಲ್ಲೂ ಬೆಂಚು. ‘ಈ ಜಿಲ್ಲೇಲೇ ಇಷ್ಟು ಬೆಂಚಿರೋ ಶಾಲೆ ಇನ್ನೊಂದಿಲ್ಲ’ ಎಂದು ಮೇಷ್ಟ್ರು ಗೇಟಿಗೆ ಬೀಗ ಹಾಕಿ ನಮ್ಮನ್ನು ಮನೆಗೆ ಕಳಿಸಿದರು. ಆಮೇಲೆ ಅವರು ಮನೆಮನೆಗೆ ಹೋಗಿ ಏನನ್ನು ಮಲಗಿಸಬೇಕೆಂದು ಸಲಹೆ ಕೊಡುವ ಕೆಲಸ ಹಿಡಿದರು. ಸ್ವಂತಕ್ಕೆ ಅವರು ಏನನ್ನೂ ಮಲಗಿಸುವುದಿಲ್ಲ. ಸಲಹೆಯೊಂದು ಮಾತ್ರ ಬಳಸಿದಷ್ಟೂ ಹೆಚ್ಚುತ್ತದೆ ಎನ್ನುವುದು ಅವರ ಗುಟ್ಟು.

ನನಗೆ ಜನರ ಮುಂದೆ ಮಾತು ಬರುವುದಿಲ್ಲ. ಗಂಟಲಿನವರೆಗೆ ಬಂದದ್ದು ಅಲ್ಲೇ ನಿಂತುಬಿಡುತ್ತದೆ. ಹೊಲಿಗೆಗೆ ಅದೇ ಅನುಕೂಲವಾಯಿತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅಳತೆ ತೆಗೆಯುವವಳನ್ನು ಯಾರೂ ಮಾತಾಡಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಇದ್ದಾಳೆಂಬುದನ್ನೇ ಮರೆತು ಮನೆಯ ಗುಟ್ಟೆಲ್ಲ ಮಾತಾಡಿಕೊಳ್ಳುತ್ತಾರೆ.

ಮಿಷನ್ನು ಅವ್ವನದು. ಕಾಲಲ್ಲಿ ತುಳಿಯುವಂಥದ್ದು. ಅವ್ವ ಎಡಗಾಲಿಗೆ ಒತ್ತು ಕೊಟ್ಟು ತುಳಿಯುತ್ತಿದ್ದಳು, ಅದಕ್ಕೇ ತುಳಿಯುವ ಪಟ್ಟಿಯ ಎಡಭಾಗ ಸವೆದು ಹೊಳೆಯುತ್ತದೆ. ಚಕ್ರಕ್ಕೆ ದೃಷ್ಟಿಯಾಗದಿರಲೆಂದು ಅವಳು ಕಟ್ಟಿದ ಕೆಂಪು ದಾರ ಹಾಗೇ ಇದೆ. ಅವಳು ಹೋದಾಗ ನನಗೆ ಹದಿನಾಲ್ಕು. ಹೋದ ಹತ್ತನೇ ದಿನವೇ ನಾನು ಅದರ ಮುಂದೆ ಕೂತೆ. ನಮ್ಮೂರಿನಲ್ಲಿ ಹೊಲಿಗೆಯವರಿಗೆ ಕೆಲಸಕ್ಕೇನೂ ಕಡಿಮೆಯಿಲ್ಲ. ಹೊಸ ಬಟ್ಟೆಗಳೆಲ್ಲ ಟ್ರಂಕುಗಳಲ್ಲಿ ಮಲಗಿರುವುದರಿಂದ ಜನ ಹರಿದದ್ದನ್ನೇ ತೊಡುತ್ತಾರೆ, ಹರಿದದ್ದಕ್ಕೆ ತೇಪೆ ಬೇಕು. ನಂಜಪ್ಪನವರ ಅಂಗಿಯಲ್ಲಿ ಮೂಲ ಅಂಗಿ ಎಷ್ಟು, ನನ್ನ ತೇಪೆ ಎಷ್ಟು ಎಂದು ಈಗ ಯಾರೂ ಹೇಳಲಾರರು. ಆ ತೇಪೆಗಳಿಂದಲೇ ನಮ್ಮ ಮನೆಯಲ್ಲಿ ರಾಗಿ, ಬೇಳೆ, ಸೀಮೆಎಣ್ಣೆ ನಡೆಯುತ್ತಿತ್ತು.

ನನ್ನಪ್ಪ ಚಿಕ್ಕಣ್ಣ ಬೀಗದ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ನಮ್ಮೂರಿನಲ್ಲಿ ನಿಜವಾಗಿ ವ್ಯಾಪಾರವಿರುವ ಅಂಗಡಿ ಅದೊಂದೇ. ಬೆಳಗಿನಿಂದ ಸಂಜೆಯವರೆಗೆ ಬೀಗ ಕೊಳ್ಳಲು ಬಂದವರು ತಮ್ಮ ಮನೆಯಲ್ಲಿ ಏನೇನು ಎಷ್ಟಾಯಿತೆಂದು ಹೇಳುವುದನ್ನು ಕೇಳಿ ಕೇಳಿ ಅಪ್ಪನಿಗೆ ಊಟ ಸೇರದಂತಾಯಿತು. ‘ಚಿಕ್ಕಣ್ಣನ ಮನೇಲಿ ಎಲ್ಲಾನೂ ಬಳಸ್ತಾರಂತೆ’ ಎಂದು ಯಾರೋ ನಕ್ಕರಂತೆ. ಅವರು ಅದನ್ನು ಮನೆಗೆ ಬಂದು ಹೇಳುವಾಗ ಕಣ್ಣಲ್ಲಿ ನೀರಿತ್ತು.

ಕಳೆದ ವರ್ಷದ ಯುಗಾದಿಗೆ ಎರಡು ದಿನ ಮೊದಲು ಅಪ್ಪ ಹಾಲಪ್ಪ ಮೇಷ್ಟ್ರನ್ನು ಕರೆತಂದರು. ಮೇಷ್ಟ್ರು ಜೇಬಿನಿಂದ ತಮ್ಮದೇ ಲೋಟ ತೆಗೆದು ಮುಂದಿಟ್ಟರು. ಎಲ್ಲರ ಮನೆಯ ಲೋಟವೂ ಮಲಗಿರುವ ಊರಿನಲ್ಲಿ ಕಾಫಿ ಕುಡಿಯಬೇಕೆಂದರೆ ಹಾಗೇ ತಿರುಗಬೇಕು. ನಾನು ಮೂಲೆಯಲ್ಲಿ ಪುಟ್ಟತಾಯಮ್ಮನ ರವಿಕೆಗೆ ತೇಪೆ ಹಾಕುತ್ತಿದ್ದೆ. ನಮ್ಮ ಅತ್ತೆ, ಅಪ್ಪನ ಅಕ್ಕ ದೇವೀರಮ್ಮ, ಬಾಗಿಲ ಬಳಿ ಅವರೆಕಾಳು ಬಿಡಿಸುತ್ತಿದ್ದರು.

“ನಿನ್ ಮನೇಲಿ ಮಲಗಿಸೋಕೆ ಏನಿದೆ ಚಿಕ್ಕಣ್ಣ?” ಎಂದರು ಮೇಷ್ಟ್ರು.

“ಏನೂ ಇಲ್ಲ ಮೇಷ್ಟ್ರೇ. ಇರೋದೆಲ್ಲ ದಿನಾ ಬೇಕು.”

“ಅದಕ್ಕೇ ಕಣಯ್ಯ ಬಡತನ ಅನ್ನೋದು. ಇರೋದೆಲ್ಲ ದಿನಾ ಬೇಕಾಗೋದು.” ಮೇಷ್ಟ್ರು ಸುತ್ತ ನೋಡಿದರು. ಪಾತ್ರೆ ನೋಡಿದರು, ಚಾಪೆ ನೋಡಿದರು. ಕೊನೆಗೆ ಅವರ ಕಣ್ಣು ನನ್ನ ಕಡೆ ತಿರುಗಿತು. ನನ್ನನ್ನಲ್ಲ, ಮಿಷನ್ನನ್ನು ನೋಡಿದರು. “ಅದೇನದು?”

“ಮಿಷನ್ನು. ಸಣ್ಣಿ ಹೊಲೀತಾಳೆ.”

“ಹೊಲಿಯೋದು ಯಾಕೆ? ಇವತ್ತು ಒಂದು. ಬರೋ ಹೊಸತೊಡಕಿಗೆ ಎರಡು. ಆಮೇಲೆ ನಾಲ್ಕು. ಹತ್ತು ವರ್ಷ ಬಾಯಿ ಮುಚ್ಕೊಂಡಿದ್ರೆ ಸಾವಿರದ ಇಪ್ಪತ್ನಾಲ್ಕು. ಆಗ ನೀನು ಬೀಗ ಮಾರೋನಲ್ಲ ಚಿಕ್ಕಣ್ಣ, ಫ್ಯಾಕ್ಟರಿ ಧಣಿ.”

ಅಪ್ಪ ಸಾವಿರದ ಇಪ್ಪತ್ನಾಲ್ಕನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡರು. ಕಾಯಿಲೆಯವರು ಔಷಧದ ಹೆಸರು ಹೇಳಿಕೊಳ್ಳುವ ಹಾಗೆ.

“ಲೋ ಚಿಕ್ಕ,” ಎಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ. “ಸಾವ್ರ ಮಿಷನ್ನು ತುಳಿಯೋಕೆ ಕಾಲು ಎಲ್ಲಿಂದ ತರ್ತೀಯೋ?”

“ತುಳಿಯೋರು ಯಾರಮ್ಮ?” ಎಂದರು ಮೇಷ್ಟ್ರು, ಸಣ್ಣ ಮಕ್ಕಳಿಗೆ ಹೇಳುವಂತೆ. “ತುಳಿದ್ರೆ ಹೆಚ್ಚೋದು ಹೇಗೆ?”

“ಅಲ್ಲೀತಂಕ ಹೊಟ್ಟೆಗೆ?”

“ಹೊಟ್ಟೇನ ನೋಡ್ಕೊಂಡೋರು ಯಾರು ಮುಂದೆ ಬಂದಿದ್ದಾರೆ ದೇವೀರಮ್ಮ? ನಂಜಪ್ಪನ್ನ ನೋಡಿ.”

“ನೋಡಿದೀನಿ. ನಿನ್ನೆ ನಮ್ಮನೇಗೆ ಬಂದು, ಕೂರೋಕೆ ಮಣೆ ಇದ್ಯಾ ಅಂತ ಕೇಳ್ತಿದ್ದ.”

ಅಪ್ಪ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. “ಒಂದೇ ವರ್ಷ ಕಣವ್ವ. ಎರಡಾದ ತಕ್ಷಣ ಒಂದು ನಿಂದು. ಅದನ್ನ ಯಾರೂ ಕೇಳಲ್ಲ. ಇನ್ನೊಂದನ್ನ ಮಾತ್ರ ಮಲಗಿಸಾಣ. ನಿಮ್ಮವ್ವನ ಆಣೆ.”

ನಾನು ಬೇಡವೆನ್ನಬೇಕಿತ್ತು. ಬಾಯಲ್ಲಿ ಗುಂಡುಪಿನ್ನಿತ್ತು. ಅದು ನೆಪ ಎಂದು ನನಗೂ ಗೊತ್ತು.

ಹೊಸತೊಡಕಿನ ಬೆಳಿಗ್ಗೆ ಅಪ್ಪ, ಮೇಷ್ಟ್ರು ಸೇರಿ ಮಿಷನ್ನನ್ನು ಹಿತ್ತಲ ಕಡೆಯ ಕೋಣೆಗೆ ಹೊತ್ತರು. ಆ ಕೋಣೆಗೆ ಸರಳಿನ ಒಂದು ಕಿಟಕಿಯಿದೆ. ಬೀಗ ಹಾಕುವಾಗ ಅಪ್ಪನ ಮುಖದಲ್ಲಿ ನಾನು ಯಾವತ್ತೂ ಕಾಣದ ಕಳೆಯಿತ್ತು. ಅಂಗಡಿಯಲ್ಲಿ ಬೇರೆಯವರಿಗೆ ಸಾವಿರಾರು ಬೀಗ ಕೊಟ್ಟ ಮನುಷ್ಯ, ಮೊದಲ ಸಲ ತನ್ನದೊಂದಕ್ಕೆ ಹಾಕುತ್ತಿದ್ದರು.

ಆಮೇಲೆ ನಾನು ಕೈಯಲ್ಲೇ ಹೊಲಿದೆ. ಮಿಷನ್ನಿನಲ್ಲಿ ಅರ್ಧ ಗಂಟೆಯ ಕೆಲಸ ಕೈಯಲ್ಲಿ ಅರ್ಧ ದಿನ. ಪುಟ್ಟತಾಯಮ್ಮ ರವಿಕೆಯನ್ನು ತಿರುಗಿಸಿ ನೋಡಿ, “ಕೈ ಹೊಲಿಗೆ ತಾನೇ, ಅರ್ಧ ದುಡ್ಡು ಸಾಕು” ಎಂದರು. ಬೆರಳ ತುದಿ ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾಯಿತು. ಮುದ್ದೆ ಸಣ್ಣದಾಯಿತು, ಸಾರು ತೆಳ್ಳಗಾಯಿತು, ಮಳೆಗಾಲದ ಹೊತ್ತಿಗೆ ಮಧ್ಯಾಹ್ನದ ಊಟವೇ ನಿಂತಿತು. ಅಪ್ಪ ಮಾತ್ರ ಖುಷಿಯಾಗಿದ್ದರು. ಅಂಗಡಿಯಲ್ಲಿ ಈಗ ಅವರೂ ಮಾತಿಗೆ ಸೇರುತ್ತಿದ್ದರು. ‘ನಮ್ಮದೂ ಮಲಗಿದೆ’ ಎನ್ನುತ್ತಿದ್ದರು.

ಮಧ್ಯಾಹ್ನ ಉಣ್ಣುವ ಕೆಲಸವಿಲ್ಲದ್ದರಿಂದ ನಾನು ಹಿತ್ತಲಿಗೆ ಹೋಗಿ ಆ ಕಿಟಕಿಯ ಕೆಳಗಿನ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದೆ. ಒಳಗೆ ಮಿಷನ್ನಿನ ಮೇಲೆ ಬಿಸಿಲಿನ ಪಟ್ಟೆಗಳು ಬಿದ್ದಿರುತ್ತಿದ್ದವು. ಕೆಂಪು ದಾರ ಕಾಣುತ್ತಿತ್ತು. ನೋಡುತ್ತ ನೋಡುತ್ತ ನನ್ನ ಎಡಗಾಲು ತಾನಾಗಿ ನೆಲ ತುಳಿಯಲು ಶುರುಮಾಡುತ್ತಿತ್ತು. ನಾನು ಮನಸ್ಸಿನಲ್ಲೇ ಹೊಲಿಯುತ್ತಿದ್ದೆ. ಮೊದಮೊದಲು ತೇಪೆ ಹೊಲಿದೆ. ಆಮೇಲೆ, ತೇಪೆಯನ್ನೇ ಯಾಕೆ ಹೊಲಿಯಲಿ ಎನ್ನಿಸಿ, ಇಡೀ ಇಡೀ ಅಂಗಿ ಹೊಲಿದೆ, ಲಂಗ ಹೊಲಿದೆ, ನಮ್ಮೂರಿನ ಯಾರೂ ತೊಡದಂಥ ಹೊಸ ಬಟ್ಟೆಗಳನ್ನು ಹೊಲಿದೆ. ಒಂದು ದಿನ ತಿರುಗಿ ನೋಡಿದರೆ ಅತ್ತೆ ಹಿಂದೆ ನಿಂತಿದ್ದರು. ನನ್ನ ಕಾಲನ್ನೇ ನೋಡುತ್ತಿದ್ದರು. ಒಂದು ಚೂರು ಬೆಲ್ಲ ಕೈಗಿಟ್ಟು ಒಳಗೆ ಹೋದರು.

ಮಳೆ ಹಿಡಿದಾಗ ನನಗೆ ತುಕ್ಕಿನ ಭಯ ಹತ್ತಿತು. ಧೈರ್ಯ ಮಾಡಿ ಅಪ್ಪನಿಗೆ ಹೇಳಿದೆ, ಒಂದೇ ಒಂದು ಸಲ ಬೀಗ ತೆಗೆದರೆ ಎಣ್ಣೆ ಬಿಟ್ಟು ಬರುತ್ತೇನೆಂದು. ಅಪ್ಪ ಮೇಷ್ಟ್ರನ್ನು ಕೇಳಿಕೊಂಡು ಬಂದರು.

“ಎಣ್ಣೆ ಬಿಡೋದು ಬಳಸಿದ ಹಾಗೇ ಅಂತೆ ಕಣವ್ವ.”

“ತುಕ್ಕು ಹಿಡಿದ್ರೆ?”

“ಅದನ್ನೂ ಕೇಳ್ದೆ. ತುಕ್ಕು ಹಿಡಿದ್ರೆ ಎರಡಕ್ಕೂ ಹಿಡೀತದೆ, ನಷ್ಟ ಏನೂ ಇಲ್ಲ ಅಂದ್ರು.”

ಎಣ್ಣೆಯ ಪುಟ್ಟ ಬಾಟಲಿ ವರ್ಷವಿಡೀ ನನ್ನ ತಲೆದಿಂಬಿನ ಕೆಳಗೇ ಇತ್ತು.

ಈ ವರ್ಷದ ಹೊಸತೊಡಕು ಬಂತು. ನಮ್ಮ ಬೀದಿಯಲ್ಲಿ ಒಂದು ಪದ್ಧತಿ. ಮೂಡಲ ತುದಿಯ ಮನೆಯಿಂದ ಶುರುಮಾಡಿ ಒಬ್ಬೊಬ್ಬರಾಗಿ ಬೀಗ ತೆಗೆಯುತ್ತಾರೆ, ಮಿಕ್ಕವರು ಬಾಗಿಲ ಮುಂದೆ ನಿಂತು ನೋಡಿ ಹೊಟ್ಟೆಕಿಚ್ಚುಪಡುತ್ತಾರೆ. ಮೊದಲ ಮನೆ ನಂಜಪ್ಪನವರದು. ಅವರು ಬೆನ್ನು ಹಿಡಿದುಕೊಂಡೇ ಎದ್ದು, ಹಣೆಗೆ ವಿಭೂತಿ ಹಚ್ಚಿ, ಬೀಗ ತೆಗೆದು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಕುರ್ಚಿ ಎಣಿಸುವುದಕ್ಕೆ ಅಷ್ಟು ಹೊತ್ತು ಬೇಕೇಬೇಕು ಎಂದುಕೊಂಡೆವು.

“ನೂರ ಇಪ್ಪತ್ತೆಂಟು,” ಎಂದರು ಬಾಗಿಲಿಗೆ ಬಂದು.

“ಅದು ಹೋದ ವರ್ಷದ ಲೆಕ್ಕ ನಂಜಪ್ಪಣ್ಣ, ಈ ವರ್ಷದ್ದು ಹೇಳಿ.”

“ಇದೇ ಈ ವರ್ಷದ್ದು.” ಅವರು ಹೊಸ್ತಿಲ ಮೇಲೆ ಕುಸಿದರು.

ಬೆಕ್ಕು ನುಗ್ಗಿ ಕುರ್ಚಿಯ ಮೇಲೆ ಮಲಗಿರಬೇಕು ಎಂದು ಯಾರೋ ಹೇಳಿದರು. ನೂರ ಇಪ್ಪತ್ತೆಂಟು ಕುರ್ಚಿಯ ಮೇಲೂ ಒಂದು ಬೆಕ್ಕು ಮಲಗಲು ಸಾಧ್ಯವೇ ಎಂದು ಇನ್ನೊಬ್ಬರು ಕೇಳಿದರು. ಅಷ್ಟರಲ್ಲಿ ಸರದಿ ಕಾಯದೆ ಓಡಿಹೋಗಿ ಬೀಗ ತೆಗೆದಿದ್ದ ಪುಟ್ಟತಾಯಮ್ಮನ ಮನೆಯಿಂದ ಸಾವಾದಂಥ ಕೂಗು ಕೇಳಿತು. ಅವರ ಲೋಟಗಳೂ ಇದ್ದಷ್ಟೇ. ಆಮೇಲೆ ಪದ್ಧತಿ, ಸರದಿ ಯಾವುದೂ ಉಳಿಯಲಿಲ್ಲ. ಬೀದಿಯುದ್ದಕ್ಕೂ ಬೀಗಗಳು ಕಳಚಿದವು. ಬಸವರಾಜುವಿನ ಗಾಡಿ ಎಂಟೇ. ಚೆಲುವಮ್ಮನ ಟ್ರಂಕಿನ ಸೀರೆ ಹದಿನಾರೇ. ಇಡೀ ಊರಿನಲ್ಲಿ ಒಂದು ಸೌಟೂ ಹೆಚ್ಚಾಗಿರಲಿಲ್ಲ.

ಅಪ್ಪ ಬೀಗದ ಕೈ ಹಿಡಿದು ನಮ್ಮ ಕೋಣೆಯ ಮುಂದೆ ನಿಂತಿದ್ದರು. ಅತ್ತೆ ಬೀಗದ ಕೈ ಕಿತ್ತುಕೊಂಡು ಬಾಗಿಲು ತೆಗೆದರು.

ಒಳಗೆ ಎರಡು ಮಿಷನ್ನುಗಳಿದ್ದವು. ಪಕ್ಕಪಕ್ಕದಲ್ಲಿ, ಮುಖ ಒಂದೇ ಕಡೆಗೆ. ಎರಡಕ್ಕೂ ಕೆಂಪು ದಾರ. ಎರಡರ ಪಟ್ಟಿಯೂ ಎಡಗಡೆ ಸವೆದಿತ್ತು. ಅವ್ವ ಎರಡನ್ನೂ ತುಳಿದಿದ್ದಳೇನೋ ಎನ್ನುವ ಹಾಗೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು. ಹಿತ್ತಲ ತುಂಬ ಜನ. ಮುಂದೆ ಹಾಲಪ್ಪ ಮೇಷ್ಟ್ರು. ಊರಿನವರು ಅವರನ್ನು ಹುಡುಕುತ್ತಿದ್ದರು, ಅವರು ತಪ್ಪಿಸಿಕೊಳ್ಳಲು ಜಾಗ ಹುಡುಕುತ್ತಿದ್ದರು, ನಮ್ಮ ಕೋಣೆ ಅವರಿಗೆ ದೇವರು ತೋರಿಸಿದ ಹಾಗಾಯಿತು. ಎರಡು ಮಿಷನ್ನುಗಳನ್ನೂ ಬಗ್ಗಿ ನೋಡಿ, ಮೂಗಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದರು.

“ಏನು ಮಾಡಿದೆಯಮ್ಮ ನೀನು?”

ಅಷ್ಟು ಜನ ನನ್ನನ್ನು ನೋಡಿದ್ದು ಅದೇ ಮೊದಲು. ನಾನು ಅತ್ತೆಯ ಬೆನ್ನಿಗೆ ಸರಿದೆ.

“ಅವ್ಳೇನು ಮಾಡ್ತಾಳೆ?” ಎಂದರು ಅತ್ತೆ. “ವರ್ಷವೆಲ್ಲ ಆ ಕಲ್ಲಿನ ಮೇಲೆ ಕೂತ್ಕೊಂಡು ಅದನ್ನೇ ನೋಡ್ತಾ ಕಾಲು ಆಡಿಸ್ತಿದ್ಲು. ಯಾವಾಗ ಕೊಡ್ತಾರೋ, ಯಾವಾಗ ಹೊಲೀತೀನೋ ಅಂತ. ನಿಮಗೆ ಯಾರಿಗಾದ್ರೂ ಹಂಗೆ ಅನ್ಸಿತ್ತಾ? ಏ ಪುಟ್ಟತಾಯಿ, ಲೋಟದಲ್ಲಿ ಕುಡೀಬೇಕು ಅಂತ ಯಾವತ್ತಾದ್ರೂ ಆಸೆ ಆಯ್ತಾ?”

“ಲೋಟದಲ್ಲಿ ಯಾರಾದ್ರೂ ಕುಡೀತಾರಾ?” ಎಂದರು ಪುಟ್ಟತಾಯಮ್ಮ, ಮೂಗೊರೆಸಿಕೊಳ್ಳುತ್ತ. “ಅದು ಇಡೋಕೆ.”

“ಅಲ್ಲೇ ಐತೆ ನೋಡಿ ಮೇಷ್ಟ್ರೇ. ಚಿನ್ನ ಯಾಕೆ ಎರಡಾಗಲ್ಲ ಅಂತ ನೀವೇ ಹೇಳಿದ್ರಲ್ಲ. ಈಗ ಇವರ ಲೋಟಾನೂ ಚಿನ್ನ ಆಗೋಗದೆ. ಇಡೋದೇ ಬಳಸೋದು. ದಿನಾ ಬಳಸ್ತಾ ಇದ್ದೀರಿ, ಹೆಚ್ಚೋದು ಹೆಂಗೆ?”

ಅತ್ತೆಯ ಮಾತು ಊರಿನವರಿಗೆ ಅರ್ಥವಾಗಿಬಿಟ್ಟಿತೇನೋ, ಈಗ ಎಲ್ಲರೂ ಮನೆಗೆ ಹೋಗಿ ಲೋಟ ತೊಳೆದು ಕಾಫಿ ಕಾಸುತ್ತಾರೇನೋ ಎಂದು ನಾನು ಅಂದುಕೊಂಡೆ. ನಂಜಪ್ಪನವರ ಮಗ ಅದೇ ಆಸೆಯಿಂದ ಒಂದು ಕುರ್ಚಿ ತಂದು ತನ್ನ ಅಪ್ಪನನ್ನು ಅದರಲ್ಲಿ ಕೂರಿಸಿದ. ನಂಜಪ್ಪನವರಿಗೆ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ನೋಡಿದರು, ಕೆಳಗೆ ಬಿಟ್ಟು ನೋಡಿದರು, ಕೊನೆಗೆ ಇಳಿದು ಪಕ್ಕದ ನೆಲದಲ್ಲಿ ಕೂತು ಉಸಿರುಬಿಟ್ಟರು.

“ಗೊತ್ತಾಯ್ತು!” ಎಂದರು ಹಾಲಪ್ಪ ಮೇಷ್ಟ್ರು ಗಟ್ಟಿಯಾಗಿ. “ನಾನು ಮೊದ್ಲಿಂದ ಹೇಳ್ತಿದ್ದದ್ದೇ ಇದು. ಸಾಮಾನು ಮಲಗಿದ್ರೆ ಸಾಲದು, ಅದರ ಮೇಲೆ ಯಾರಾದ್ರೂ ಆಸೆ ಇಟ್ಕೊಂಡಿರಬೇಕು. ನಿಮಗೆ ಆಸೆ ಹುಟ್ಟಲ್ಲ, ನೀವು ಅನುಕೂಲಸ್ಥರು. ಅದಕ್ಕೆ ಇಲ್ಲದೋರೇ ಬೇಕು. ಒಂದೊಂದು ಕೋಣೆ ಮುಂದೆ ಒಬ್ಬೊಬ್ರನ್ನ ಸಂಬಳಕ್ಕೆ ಕೂರಿಸಿ.”

ಜನರ ಮುಖಕ್ಕೆ ಮತ್ತೆ ಕಳೆ ಬಂತು.

“ಸಣ್ಣಿ, ನಮ್ಮ ಕುರ್ಚಿಗಳ ಮೇಲೆ ಆಸೆಪಡೋಕೆ ತಿಂಗಳಿಗೆ ಎಷ್ಟು ತಗೋತೀಯವ್ವ?” ಎಂದರು ನಂಜಪ್ಪನವರು.

“ಮೊದ್ಲು ನಮ್ಮನೆ, ಪಕ್ಕದಲ್ಲೇ ಇದ್ದೀವಿ,” ಎಂದರು ಪುಟ್ಟತಾಯಮ್ಮ. “ಬೆಳಿಗ್ಗೆ ಲೋಟ, ಮಧ್ಯಾಹ್ನ ಕುರ್ಚಿ ಮಾಡ್ಲಿ.”

“ಸಂಬಳ ನೋಡಿಕೊಂಡು ಕೊಡಿ,” ಎಂದು ಮೇಷ್ಟ್ರು ಎಚ್ಚರಿಸಿದರು. “ಜಾಸ್ತಿ ಕೊಟ್ರೆ ಅವಳೇ ಒಂದು ಕುರ್ಚಿ ಕೊಂಡುಬಿಡ್ತಾಳೆ. ಆಮೇಲೆ ಆಸೆ ಎಲ್ಲಿರುತ್ತೆ?”

ನಾನು ಅಪ್ಪನನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಅಂಗಿಯ ಜೇಬಿನಿಂದ ಇನ್ನೊಂದು ಬೀಗ ತೆಗೆಯುತ್ತಿದ್ದರು. ಹೊಸದು, ದೊಡ್ಡದು, ಅಂಗಡಿಯದು.

“ಎರಡೂ ಇರ್ಲಿ ಕಣವ್ವ,” ಎಂದರು. “ಬರೋ ವರ್ಷಕ್ಕೆ ನಾಲ್ಕಾಗ್ಲಿ, ಆಮೇಲೆ ಒಂದು ನಿಂಗೆ. ಒಂದಲ್ಲ, ಬೇಕಾದ್ರೆ ಎರಡು. ಹೆಂಗೂ ನಿಂಗೆ ಆಸೆಪಟ್ಟು ಅಭ್ಯಾಸ ಆಗದೆ.”

ಅವ್ವನ ಆಣೆಯನ್ನು ನೆನಪಿಸಬೇಕೆಂದುಕೊಂಡೆ. ಮಾತಿನ ದಾರಿ ಬಿಟ್ಟೆ. ಮನೆಯೊಳಗೆ ಹೋಗಿ, ತಲೆದಿಂಬಿನ ಕೆಳಗಿನಿಂದ ಎಣ್ಣೆಯ ಬಾಟಲಿ ತಂದೆ, ಅಪ್ಪನ ಪಕ್ಕದಿಂದ ನುಸುಳಿ ಕೋಣೆ ಹೊಕ್ಕೆ. ಮೊದಲನೆಯದಕ್ಕೆ ಎಣ್ಣೆ ಬಿಟ್ಟೆ, ಎರಡನೆಯದಕ್ಕೂ ಬಿಟ್ಟೆ. ದಾರ ಪೋಣಿಸಿದೆ. ಜನರಿಗೆ ಏನಾಗುತ್ತಿದೆಯೆಂದು ಇನ್ನೂ ಹೊಳೆದಿರಲಿಲ್ಲ. ಮಿಷನ್ನಿನ ಮುಂದೆ ಕೂತು, ಬಾಗಿಲಲ್ಲಿದ್ದ ಅಪ್ಪನ ಕಡೆ ಕೈ ಚಾಚಿದೆ.

“ಅಪ್ಪ, ಅಂಗಿ ಬಿಚ್ಚಿ.”

ಅಷ್ಟು ಜನರ ನಡುವೆ ನನ್ನ ದನಿ ಕೇಳಿ ಅಪ್ಪ ಎಷ್ಟು ಬೆಚ್ಚಿದರೆಂದರೆ, ಯಾಕೆ ಎಂದೂ ಕೇಳದೆ ಬಿಚ್ಚಿ ಕೊಟ್ಟರು. ಅದರ ಮೊಣಕೈ ಹರಿದು ತಿಂಗಳಾಗಿತ್ತು, ಕಾಲರು ಕಿತ್ತುಹೋಗಿತ್ತು. ಮೊಣಕೈಯನ್ನು ಸೂಜಿಯ ಕೆಳಗಿಟ್ಟು ತುಳಿದೆ. ಒಂದು ವರ್ಷ ಸುಮ್ಮನಿದ್ದ ಮಿಷನ್ನು ಒಮ್ಮೆ ಕಿರ್ ಎಂದು, ಆಮೇಲೆ ಓಡಿತು.

“ಅಯ್ಯೋ, ಬಳಸ್ತಿದ್ದಾಳೆ! ಹೊಸತೊಡಕಿನ ದಿನಾನೇ ಬಳಸ್ತಿದ್ದಾಳೆ!” ಎಂದು ಪುಟ್ಟತಾಯಮ್ಮ ಚೀರಿದರು. “ಹಿಡ್ಕೊಳ್ರೋ! ವರ್ಷವೆಲ್ಲ ಬಳಸೋ ಹಂಗಾಗುತ್ತೆ!”

“ಒಂದು ಹೋದ್ರೆ ಹೋಯ್ತು, ಇನ್ನೊಂದನ್ನ ಉಳಿಸ್ಕೋ ಚಿಕ್ಕಣ್ಣ!” ಎಂದು ಮೇಷ್ಟ್ರು ಕೂಗಿದರು. ಅಪ್ಪ ಎರಡನೆಯದರ ಕಡೆ ಓಡಿಬಂದರು. ಬರಿಮೈಯಲ್ಲಿ, ಕೈಯಲ್ಲಿ ಬೀಗ ಹಿಡಿದು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಅಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿ ಅದರ ಮುಂದೆ ಕೂತಾಗಿತ್ತು.

“ಸಾವ್ರಕ್ಕೆ ಕಾಲಿಲ್ಲ ಅಂದೆ ಕಣೋ ಚಿಕ್ಕ,” ಎಂದರು. “ಎರಡಕ್ಕೆ ಇದೆ. ಸಣ್ಣಿ, ಆ ಕಾಲರು ಇತ್ಲಾಗ್ ಕೊಡೆ.”

ಅವರಿಗೆ ಮಿಷನ್ನು ತುಳಿಯಲು ಬರುತ್ತಿರಲಿಲ್ಲ. ಕಾಲರನ್ನು ಅಡ್ಡಾದಿಡ್ಡಿ ಹೊಲಿದು ಅಂಗಿಯ ಬೆನ್ನಿಗೆ ಸೇರಿಸಿದರು. ಅಪ್ಪ ಆ ಅಂಗಿಯನ್ನು ಹಾಗೇ ತೊಟ್ಟು, ಬೀಗ ಹಿಡಿದುಕೊಂಡು ಜಗಲಿಯಲ್ಲಿ ಸಂಜೆಯವರೆಗೂ ಕೂತಿದ್ದರು. ಒಂದು ವಾರ ನಮ್ಮ ಜೊತೆ ಮಾತಾಡಲಿಲ್ಲ. ಎಂಟನೇ ದಿನ ಮಧ್ಯಾಹ್ನ ಮುದ್ದೆಯ ವಾಸನೆಗೆ ಒಳಗೆ ಬಂದು, ತಟ್ಟೆ ಹಾಕಿಕೊಂಡು ಕೂತರು. ಎರಡು ಮುದ್ದೆ ಉಂಡರು.

ಊರೇನೂ ಬದಲಾಗಲಿಲ್ಲ. ಮೇಷ್ಟ್ರ ಮಾತಿನಂತೆ ಈಗ ಬೀಗ ಹಾಕಿದ ಒಂದೊಂದು ಕೋಣೆಯ ಕಿಟಕಿಯ ಮುಂದೆಯೂ ಒಬ್ಬೊಬ್ಬ ಬಡವರು ಸಂಬಳಕ್ಕೆ ಕೂತಿದ್ದಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಆಸೆಪಡಬೇಕು, ನಡುವೆ ಒಂದು ಸಲ ಬಿಡುವು. ನಂಜಪ್ಪನವರ ಕುರ್ಚಿಗಳಿಗೆ ಕರಿಯಮ್ಮನನ್ನು ಇಟ್ಟುಕೊಂಡಿದ್ದಾರೆ. ಅವಳು ರವಿಕೆಯ ಅಳತೆ ಕೊಡಲು ಬಂದಾಗ ಅತ್ತೆ ಕೇಳಿದರು, ಕೆಲಸ ಹೇಗಿದೆ ಎಂದು.

“ಕಷ್ಟ ಕಣಕ್ಕ. ನೆಲದ ಮೇಲೆ ಕೂತು ಕೂತು ಸೊಂಟ ಹೋಯ್ತು. ಕುರ್ಚಿ ಮೇಲೆ ಆಸೆ ಎಲ್ಲಿ ಬರ್ತದೆ? ನಂಗೆ ಬರೋ ಆಸೆ ಎಲ್ಲಾ ಐದು ಗಂಟೆ ಮೇಲೆ.”

ಮುಂದಿನ ಹೊಸತೊಡಕಿಗೆ ಇನ್ನೂ ನಾಲ್ಕು ತಿಂಗಳಿದೆ. ಏನಾಗುತ್ತದೋ ನೋಡಬೇಕು. ಸಂಬಳ ಕೊಟ್ಟು ಕೊಟ್ಟು ನಂಜಪ್ಪನವರ ಕೈ ಬರಿದಾಗಿದೆ. ಹೋದ ತಿಂಗಳು ಎರಡು ಅಂಗಿಗೆ ತೇಪೆ ಹಾಕಿಸಿಕೊಂಡು ತಲೆ ತುರಿಸುತ್ತ ನಿಂತರು. “ದುಡ್ಡಿಲ್ಲ ಕಣವ್ವ ಸಣ್ಣಿ. ಇರೋದೆಲ್ಲ ಕುರ್ಚೀಲದೆ.”

“ಹಾಗಾದ್ರೆ ಕುರ್ಚೀನೇ ಕೊಡಿ,” ಎಂದೆ. ಈಗ ಒಂದೊಂದು ಮಾತು ಹೊರಗೆ ಬರುತ್ತದೆ.

ಅವರು ಎರಡು ದಿನ ಯೋಚಿಸಿ, ಹೊಸತೊಡಕಿನ ದಿನ ತಾವು ಕೂತು ಇಳಿದಿದ್ದ ಕುರ್ಚಿಯನ್ನೇ ತಂದು ಕೊಟ್ಟರು. ಹೇಗೂ ಈ ವರ್ಷ ಅದು ಲೆಕ್ಕಕ್ಕಿಲ್ಲವಲ್ಲ. ಬೆತ್ತದ ಹೆಣಿಗೆಯದು, ಕೈಯಿರುವಂಥದ್ದು. ಬಂದವರು ಕೂರಲೆಂದು ಎರಡು ಮಿಷನ್ನುಗಳ ಎದುರಿಗೆ ಹಾಕಿದ್ದೇನೆ. ಹೆಚ್ಚಿನವರು ಅದರ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಾರೆ.

ನಿನ್ನೆ ಹಾಲಪ್ಪ ಮೇಷ್ಟ್ರು ಬಂದಿದ್ದರು. ಲೋಟ ಇಟ್ಟು ಇಟ್ಟು ಅವರ ಜೇಬು ತೂತಾಗಿತ್ತು. ತಿರುಗಾಟದಿಂದ ಕಾಲು ಊದಿಕೊಂಡಿತ್ತು, ಅಂಗಿ ಬಿಚ್ಚಿ ಕೊಟ್ಟು ಗೋಡೆ ಹಿಡಿದುಕೊಂಡು ನಿಂತಿದ್ದರು.

“ಕೂತ್ಕೊಳ್ಳಿ ಮೇಷ್ಟ್ರೇ,” ಎಂದೆ.

ಅವರು ಸುತ್ತ ನೋಡಿದರು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಕೂತರು. ಮೊದಲು ತುದಿಯಲ್ಲಿ ಕೂತರು. ಆಮೇಲೆ ಒರಗಿದರು. ಆಮೇಲೆ ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು ಕಣ್ಣು ಮುಚ್ಚಿದರು. ನಾನು ಜೇಬು ಹೊಲಿದು ಮುಗಿಸಿ ದಾರ ಕಡಿದೆ. ಅವರು ಏಳಲಿಲ್ಲ. ಇನ್ನೊಬ್ಬರ ರವಿಕೆ ತೆಗೆದುಕೊಂಡೆ, ಅದೂ ಮುಗಿಯಿತು. ಹೊತ್ತಿಳಿಯಿತು, ಅತ್ತೆ ದೀಪ ಹಚ್ಚಿದರು, ಆಗಲೂ ಏಳಲಿಲ್ಲ.

“ನಿನ್ ಕೈ ಚುರುಕಾಗಿದೆ,” ಎಂದರು ಕಣ್ಣು ಮುಚ್ಚಿಕೊಂಡೇ. “ತಲೇನೂ ಚುರುಕು. ಎಷ್ಟನೇ ಕ್ಲಾಸಿಗೆ ಬಿಟ್ಟೆ ನೀನು?”

“ಏಳು ಸಾರ್.”

“ಯಾಕೆ ಬಿಟ್ಟೆ?”

“ಕೂರೋಕೆ ಜಾಗ ಇರ್ಲಿಲ್ಲ ಸಾರ್,” ಎಂದು ನಾನು ಮಿಷನ್ನು ತುಳಿದೆ.